ಮಂಜೇಶ್ವರದ ಮತಚರಿತ್ರೆ: ಅವಿರೋಧ ಆಯ್ಕೆಯಿಂದ 89 ಮತಗಳ ಅಂತರದವರೆಗೆ

ಪ್ರಶ್ನೆ: ನಮ್ಮ ಮನೆ ಪೈವಳಿಕೆಯಲ್ಲಿ. ನಾನು ಮಂಗಳೂರಿನಲ್ಲಿ ಪದವಿ ಓದುತ್ತಿದ್ದೇನೆ. ಮಂಜೇಶ್ವರದಲ್ಲಿ ಮೊದಲ ಸಲ ಓಟೇ ನಡೆಯದೆ ಕನ್ನಡದ ಪರವಾಗಿ ನಿಂತವರೊಬ್ಬರು ಎಂಎಲ್‌ಎ ಆದರು ಎಂದು ನಮ್ಮ ಅಜ್ಜ ಹೇಳುತ್ತಾರೆ. ಇದು ನಿಜವೇ? ನಿಜವಾದರೆ, ಕನ್ನಡದ ಹೆಸರಿನಲ್ಲಿ ಗೆಲ್ಲುತ್ತಿದ್ದವರು ಆಮೇಲೆ ಎಲ್ಲಿ ಹೋದರು? ಮುಸ್ಲಿಂ ಲೀಗ್ ಮತ್ತು ಬಿಜೆಪಿಯ ನಡುವೆ ಇಷ್ಟೊಂದು ಕಡಿಮೆ ಅಂತರದ ಫಲಿತಾಂಶ ಬರುವಂತಾದದ್ದು ಹೇಗೆ? 1957ರಿಂದ 2021ರವರೆಗಿನ ಚರಿತ್ರೆಯನ್ನು ವಿವರಿಸುವಿರಾ?

ಉತ್ತರ: ನಿಮ್ಮ ಅಜ್ಜ ಹೇಳಿದ್ದು ನಿಜ. 1957ರಲ್ಲಿ ಕೇರಳ ರಾಜ್ಯದ ಮೊದಲ ವಿಧಾನಸಭೆಗೆ ಚುನಾವಣೆ ನಡೆದಾಗ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವರು ಸ್ವತಂತ್ರ ಅಭ್ಯರ್ಥಿಯಾಗಿ ನಾಮಪತ್ರ ಸಲ್ಲಿಸಿ ಅವಿರೋಧವಾಗಿ ಆಯ್ಕೆಯಾದರು. ಆ ಚುನಾವಣೆಯಲ್ಲಿ ರಾಜ್ಯದ ಬೇರೆ ಯಾವ ಕ್ಷೇತ್ರದಲ್ಲಿಯೂ ಹೀಗಾಗಲಿಲ್ಲ. ಆದರೆ ಒಂದು ಸಣ್ಣ ತಿದ್ದುಪಡಿ ಬೇಕು. ಆಗ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ನಡೆಯುತ್ತಿದ್ದುದರಿಂದ ಮಂಜೇಶ್ವರದ ಮತದಾರರು ಮತಗಟ್ಟೆಗೆ ಹೋಗಲೇಬೇಕಾಗಿತ್ತು. ಅವರಿಗೆ ಸಿಕ್ಕಿದ್ದು ಲೋಕಸಭೆಯ ಮತಪತ್ರ ಮಾತ್ರ. ಕಾಸರಗೋಡು ಲೋಕಸಭಾ ಕ್ಷೇತ್ರದಿಂದ ಆ ಸಲ ಗೆದ್ದವರು ಎ. ಕೆ. ಗೋಪಾಲನ್. ಅಂದಿನ ಮತದಾನದ ಕ್ರಮವೂ ಬೇರೆಯೇ ಇತ್ತು. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರವರ ಚಿಹ್ನೆಯ ಚೀಟಿ. ಮತದಾರರು ಮರೆಯೊಳಗೆ ಹೋಗಿ ತಮಗೆ ಬೇಕಾದ ಪೆಟ್ಟಿಗೆಗೆ ಮತಪತ್ರವನ್ನು ಇಳಿಬಿಡಬೇಕಾಗಿತ್ತು. ಮತಪತ್ರದ ಮೇಲೆ ಮುದ್ರೆ ಒತ್ತುವ ಕ್ರಮ ನಮ್ಮಲ್ಲಿಗೆ ಬಂದದ್ದು 1960ರ ಮಧ್ಯಂತರ ಚುನಾವಣೆಯಿಂದ. ಮತದಾನದ ವಯಸ್ಸು ಆಗ 21 ಆಗಿತ್ತಾದ್ದರಿಂದ ನಿಮ್ಮ ಅಜ್ಜ ಈ ಕತೆಯನ್ನು ಅವರ ಹಿರಿಯರ ಬಾಯಿಯಿಂದ ಕೇಳಿರುವ ಸಾಧ್ಯತೆಯೇ ಹೆಚ್ಚು.

ಅವಿರೋಧ ಆಯ್ಕೆ ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಲು ಅದಕ್ಕಿಂತ ನಾಲ್ಕು ತಿಂಗಳು ಹಿಂದಕ್ಕೆ ಹೋಗಬೇಕು. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ನ್ಯಾಯಾಲಯ, ವ್ಯಾಪಾರ, ಕಾಲೇಜು, ಆಸ್ಪತ್ರೆ ಎಲ್ಲದಕ್ಕೂ ಇಲ್ಲಿನವರು ನೋಡುತ್ತಿದ್ದುದು ಮಂಗಳೂರಿನ ಕಡೆಗೆ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು ಇಡೀ ತಾಲೂಕನ್ನು ಕೇರಳಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು, ಸಂಸತ್ತು ಅದನ್ನು ಒಪ್ಪಿತು. ಚಂದ್ರಗಿರಿ ಹೊಳೆಯ ಉತ್ತರದ ಕನ್ನಡ ಮತ್ತು ತುಳು ಮಾತಿನ ಊರುಗಳಲ್ಲಿ ಇದರಿಂದ ಉಂಟಾದ ನೋವು ಅಂದಿನ ಎಲ್ಲ ಪಕ್ಷಭೇದಗಳನ್ನು ಕೆಲಕಾಲ ಮುಚ್ಚಿಹಾಕುವಷ್ಟು ದೊಡ್ಡದಾಗಿತ್ತು. ಮಂಜೇಶ್ವರದ ಗೋವಿಂದ ಪೈಯವರು, ಕವಿ ಕಯ್ಯಾರ ಕಿಞ್ಞಣ್ಣ ರೈಯವರು ಈ ವಿಷಯದಲ್ಲಿ ಒಂದೇ ಮನಸ್ಸಿನವರಾಗಿದ್ದರು. ಹಾಗಿರುವಾಗ ಕರ್ನಾಟಕಕ್ಕೆ ಸೇರಬೇಕೆಂಬ ಬೇಡಿಕೆಯನ್ನು ಮುಂದಿಟ್ಟು ನಿಂತ ಅಭ್ಯರ್ಥಿಯ ಎದುರು ನಿಲ್ಲಲು ಯಾರೂ ಇಲ್ಲದೆ ಹೋದರು. ಅದನ್ನು ನಾನು ಒಬ್ಬ ಶಾಸಕರ ಆಯ್ಕೆ ಎನ್ನುವುದಕ್ಕಿಂತ, ಒಂದು ಊರು ಒಟ್ಟಾಗಿ ಸಹಿ ಹಾಕಿ ಕಳುಹಿಸಿದ ಮನವಿ ಎಂದು ಓದುತ್ತೇನೆ.

ಇದರ ಪಕ್ಕದಲ್ಲಿಯೇ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ಅದೇ ಹಳೆಯ ತಾಲೂಕಿನ ದಕ್ಷಿಣದ ತುದಿಯ ನೀಲೇಶ್ವರ ಕ್ಷೇತ್ರದಿಂದ ಅದೇ ಚುನಾವಣೆಯಲ್ಲಿ ಗೆದ್ದವರು ಇ. ಎಂ. ಎಸ್. ನಂಬೂದಿರಿಪಾಡ್, 1957ರ ಏಪ್ರಿಲ್ 5ರಂದು ಅವರು ಕೇರಳದ ಮೊದಲ ಮುಖ್ಯಮಂತ್ರಿಯಾದರು. ಒಂದು ತಾಲೂಕಿನ ಉತ್ತರದವರು ತಮ್ಮನ್ನು ಈ ರಾಜ್ಯದಿಂದ ಬಿಡಿಸಿ ಎನ್ನುವವರನ್ನು ಕಳುಹಿಸಿದರೆ, ದಕ್ಷಿಣದವರು ಆ ರಾಜ್ಯವನ್ನು ಆಳುವವರನ್ನೇ ಕಳುಹಿಸಿದರು. ಕಾಸರಗೋಡಿನ ರಾಜಕೀಯವನ್ನು ಒಂದೇ ಮಾತಿನಲ್ಲಿ ಹೇಳಲು ಹೊರಡುವವರು ಎಡವುವುದು ಇಲ್ಲಿಯೇ. ಚಂದ್ರಗಿರಿಯ ಆಚೆಗೂ ಈಚೆಗೂ ಚುನಾವಣೆಯ ಅರ್ಥವೇ ಬೇರೆ ಬೇರೆಯಾಗಿತ್ತು.

ಮುಂದಿನ ಹತ್ತು ವರ್ಷ ಕಳ್ಳಿಗೆ ಮಹಾಬಲ ಭಂಡಾರಿಯವರ ಕಾಲ. 1960, 1965, 1967ರ ಮೂರೂ ಚುನಾವಣೆಗಳಲ್ಲಿ ಅವರು ಸ್ವತಂತ್ರರಾಗಿ, ಎಂದರೆ ಈ ಊರುಗಳು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡುತ್ತಿದ್ದ ಕರ್ನಾಟಕ ಸಮಿತಿಯ ಅಭ್ಯರ್ಥಿಯಾಗಿ ಗೆದ್ದರು. ಮೂರು ಸಲ ಗೆದ್ದರೂ ಸದನದಲ್ಲಿ ಕುಳಿತದ್ದು ಎರಡೇ ಅವಧಿ. 1965ರಲ್ಲಿ ಯಾರಿಗೂ ಬಹುಮತ ಬಾರದೆ, ಸರಕಾರ ರಚನೆಯಾಗದೆ, ಆರಿಸಿ ಬಂದ ವಿಧಾನಸಭೆ ಒಂದು ದಿನವೂ ಸೇರದೆ ವಿಸರ್ಜನೆಯಾಯಿತು. ಹಳೆಯ ಫಲಿತಾಂಶಗಳ ಕೋಷ್ಟಕ ಓದುವಾಗ ನೀವು ಒಂದು ವಿಷಯವನ್ನು ನೆನಪಿನಲ್ಲಿಡಬೇಕು. ಕರ್ನಾಟಕ ಸಮಿತಿಯು ಮಾನ್ಯತೆ ಪಡೆದ ರಾಜಕೀಯ ಪಕ್ಷವಾಗಿರಲಿಲ್ಲ, ಆದ್ದರಿಂದ ಅದರ ಅಭ್ಯರ್ಥಿಗಳ ಹೆಸರಿನ ಮುಂದೆ ಸರಕಾರಿ ದಾಖಲೆಗಳಲ್ಲಿ ‘ಸ್ವತಂತ್ರ’ ಎಂದಷ್ಟೇ ಇರುತ್ತದೆ. ಊರಿನ ಸಂಗತಿ ತಿಳಿಯದವರು ಅದನ್ನು ನೋಡಿ, ಮಂಜೇಶ್ವರದವರು ಮೊದಲ ಹತ್ತು ವರ್ಷ ಯಾವ ಸಿದ್ಧಾಂತಕ್ಕೂ ಸೇರದ ವ್ಯಕ್ತಿಗಳಿಗೆ ಮತ ಹಾಕಿದರು ಎಂದು ಬರೆಯುವುದುಂಟು. ವಾಸ್ತವದಲ್ಲಿ ಆ ‘ಸ್ವತಂತ್ರ’ ಎಂಬ ಪದದ ಹಿಂದೆ ಒಂದು ಸಂಘಟನೆಯೂ ಒಂದೇ ಅಂಶದ ಸ್ಪಷ್ಟವಾದ ಪ್ರಣಾಳಿಕೆಯೂ ಇದ್ದವು.

1967ರ ಗೆಲುವು ಇವುಗಳಲ್ಲಿ ದೊಡ್ಡದು. ಆ ವರ್ಷ ಎರಡೂ ಕಮ್ಯೂನಿಸ್ಟ್ ಪಕ್ಷಗಳು, ಮುಸ್ಲಿಂ ಲೀಗ್, ಸಮಾಜವಾದಿಗಳು ಮೊದಲಾದವರು ಸೇರಿದ ಏಳು ಪಕ್ಷಗಳ ರಂಗವು ಕೇರಳವನ್ನು ಗುಡಿಸಿಹಾಕಿತ್ತು, ಕಾಂಗ್ರೆಸ್ 9 ಸ್ಥಾನಗಳಿಗೆ ಇಳಿದಿತ್ತು. ಅಂಥ ಗಾಳಿಯಲ್ಲಿಯೂ ಮಂಜೇಶ್ವರದಲ್ಲಿ ಭಂಡಾರಿಯವರೂ ಪಕ್ಕದ ಕಾಸರಗೋಡಿನಲ್ಲಿ ಯು. ಪಿ. ಕುಣಿಕುಳ್ಳಾಯರೂ ಸ್ವತಂತ್ರರಾಗಿ ಗೆದ್ದರು. ಚಂದ್ರಗಿರಿಯ ಉತ್ತರದ ಎರಡೂ ಕ್ಷೇತ್ರಗಳು ಒಂದೇ ಮಾತನ್ನು ಹೇಳಿದ ಚುನಾವಣೆ ಅದು. ಕಾರಣವೂ ಎದುರಿಗೇ ಇತ್ತು. 1966ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಗಡಿ ವಿವಾದಗಳ ಪರಿಶೀಲನೆಗೆ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗವನ್ನು ನೇಮಿಸಿತ್ತು. ಆಯೋಗದ ಕಣ್ಣಮುಂದೆಯೇ ಬಂದ ಈ ಚುನಾವಣೆಯನ್ನು ಜನ ಜನಮತಗಣನೆಯಂತೆ ಕಂಡರು. 1967ರಲ್ಲಿಯೇ ಕೊಟ್ಟ ವರದಿಯಲ್ಲಿ ಮಹಾಜನ್ ಅವರು ಚಂದ್ರಗಿರಿ ಮತ್ತು ಪಯಸ್ವಿನಿ ಹೊಳೆಗಳ ಉತ್ತರದ ಪ್ರದೇಶವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿದರು. ಸಮಿತಿಯ ಬೇಡಿಕೆಗೆ ಇದಕ್ಕಿಂತ ದೊಡ್ಡ ಮನ್ನಣೆ ಸಿಗುವುದು ಸಾಧ್ಯವಿರಲಿಲ್ಲ.

ಆದರೆ ಮೂರೇ ವರ್ಷಗಳಲ್ಲಿ, 1970ರ ಚುನಾವಣೆಯಲ್ಲಿ, ಮಂಜೇಶ್ವರ ಸಮಿತಿಯ ಕೈಯಿಂದ ಜಾರಿ ಸಿಪಿಐಯ ಎಂ. ರಾಮಪ್ಪ ಅವರ ಪಾಲಾಯಿತು. ನೀವು ಕೇಳಿದ ‘ಎಲ್ಲಿ ಹೋದರು’ ಎಂಬ ಪ್ರಶ್ನೆಯ ಉತ್ತರವನ್ನು ಈ ಮೂರು ವರ್ಷಗಳಲ್ಲಿ ಹುಡುಕಬೇಕು. ಇದನ್ನು ದ್ರೋಹದ ಕತೆಯಾಗಿ, ಯಾರೋ ಕನ್ನಡಿಗರನ್ನು ಒಡೆದರು ಎಂಬಂತೆ ಹೇಳುವ ರೂಢಿಯಿದೆ. ನನಗೆ ಅದು ಪೂರ್ತಿ ಸರಿಯೆನಿಸುವುದಿಲ್ಲ.

ಮೊದಲನೆಯದಾಗಿ, ಸಂವಿಧಾನದ 3ನೆಯ ವಿಧಿಯ ಪ್ರಕಾರ ರಾಜ್ಯಗಳ ಗಡಿಯನ್ನು ಬದಲಾಯಿಸುವ ಅಧಿಕಾರ ಇರುವುದು ಸಂಸತ್ತಿಗೆ. ತಿರುವನಂತಪುರದ ಸದನದಲ್ಲಿ ಒಬ್ಬಿಬ್ಬರು ಶಾಸಕರು ಎಷ್ಟು ಎದ್ದುನಿಂತು ಮಾತಾಡಿದರೂ ಗಡಿ ಒಂದಂಗುಲವೂ ಸರಿಯುವಂತಿರಲಿಲ್ಲ. ಮಹಾಜನ್ ವರದಿ ಬರುವವರೆಗೆ, ನಮ್ಮ ಮತ ದೆಹಲಿಗೆ ಕಾಣಲಿ ಎಂಬ ಮಾತಿಗೆ ಅರ್ಥವಿತ್ತು. ವರದಿ ಬಂದಮೇಲೆ ಕಾಣಬೇಕಾದದ್ದು ಕಂಡಾಗಿತ್ತು. ಕೇರಳ ಅದನ್ನು ಒಪ್ಪಲಿಲ್ಲ. ಬೆಳಗಾವಿಯ ವಿಷಯದಲ್ಲಿ ಅದೇ ವರದಿಯನ್ನು ಮಹಾರಾಷ್ಟ್ರವೂ ಒಪ್ಪದೆ ಹೋದ್ದರಿಂದ ವರದಿ ಇಡಿಯಾಗಿ ಮೂಲೆ ಸೇರಿತು. ಹೀಗೆ ಸಮಿತಿಗೆ ಕೊಡುವ ಮತದಿಂದ ಮುಂದೆ ಏನಾಗಬೇಕು ಎಂಬ ಪ್ರಶ್ನೆಗೆ ಮತದಾರರಿಗೆ ಉತ್ತರ ಸಿಗದಂತಾಯಿತು.

ಎರಡನೆಯ ಕಾರಣ ಭೂಮಿ, ಮತ್ತು ನನ್ನ ಅಭಿಪ್ರಾಯದಲ್ಲಿ ಇದೇ ಮುಖ್ಯವಾದದ್ದು. ನಮ್ಮ ಕಡೆಯ ಬಹುಪಾಲು ಬೇಸಾಯಗಾರರು ಗೇಣಿ ಒಕ್ಕಲುಗಳು. ಮೂಲಗೇಣಿಯವರಿಗೆ ಶಾಶ್ವತವಾದ ಹಕ್ಕಿತ್ತು. ಚಾಲಗೇಣಿಯವರನ್ನು ಮಾತ್ರ ಧಣಿಗಳು ಬಯಸಿದಾಗ ಎಬ್ಬಿಸಬಹುದಾಗಿತ್ತು. ಕೇರಳದ ಭೂಸುಧಾರಣಾ ಕಾನೂನಿನ 1969ರ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಗೆ ಬಂದು, ಗೇಣಿಪದ್ಧತಿಯನ್ನೇ ತೆಗೆದುಹಾಕಿ ಉಳುತ್ತಿದ್ದವರಿಗೆ ಭೂಮಿಯ ಹಕ್ಕನ್ನು ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚುನಾವಣೆ. ತುಳು ಮಾತಾಡುವ ಒಬ್ಬ ಚಾಲಗೇಣಿ ಒಕ್ಕಲಿನ ಎದುರು ಆಗ ಎರಡು ಮಾತುಗಳಿದ್ದವು. ನಿನ್ನ ಊರು ಕರ್ನಾಟಕಕ್ಕೆ ಸೇರಬೇಕು ಎಂಬುದು ಒಂದು. ನೀನು ಉಳುವ ಗದ್ದೆ ನಿನ್ನದು ಎಂಬುದು ಇನ್ನೊಂದು. ಅದು ಆಗಲೇ ಕಾಗದದ ಮೇಲೆ ಬಂದಾಗಿತ್ತು. ಕನ್ನಡ ಹೋರಾಟದ ಮುಂಚೂಣಿಯಲ್ಲಿ ಭೂಮಿ ಉಳ್ಳ ಮನೆತನದವರು ಬಹಳ ಮಂದಿ ಇದ್ದುದರಿಂದ ಈ ಎರಡು ಮಾತುಗಳು ಒಂದಕ್ಕೊಂದು ಎದುರಾಗಿ ನಿಂತವು. ಒಕ್ಕಲುಗಳು ಎರಡನೆಯದನ್ನು ಆರಿಸಿಕೊಂಡದ್ದಕ್ಕೆ ಅವರ ಕನ್ನಡದ ಪ್ರೀತಿಯನ್ನು ಅನುಮಾನಿಸುವುದು ಅನ್ಯಾಯ. ಕಯ್ಯಾರರಂಥವರು ಕೊನೆಯವರೆಗೂ ಎರಡನ್ನೂ ಒಟ್ಟಿಗೇ ಬಯಸಿದರು, ಬಡವರ ಪರವಾದ ಹೋರಾಟವನ್ನೂ ವಿಲೀನೀಕರಣವನ್ನೂ. ಆದರೆ ಮತಪತ್ರದಲ್ಲಿ ಒಂದೇ ಮುದ್ರೆಗೆ ಅವಕಾಶ.

ಮೂರನೆಯದು ರಂಗಗಳ ಲೆಕ್ಕಾಚಾರ, ಇದನ್ನು ಬೇಗ ಹೇಳಿ ಮುಗಿಸಬಹುದು. 1970ರಲ್ಲಿ ಸಿ. ಅಚ್ಯುತ ಮೇನೋನ್ ಅವರ ನೇತೃತ್ವದ ಸಿಪಿಐ ಇದ್ದದ್ದು ಮುಸ್ಲಿಂ ಲೀಗಿನ ಜೊತೆಗೆ, ಕಾಂಗ್ರೆಸಿನ ಹೊಂದಾಣಿಕೆಯೊಂದಿಗೆ. 1977ರಲ್ಲಿ ರಾಮಪ್ಪನವರು ಎರಡನೆಯ ಸಲ ಗೆದ್ದಾಗಲೂ ಸಿಪಿಐ, ಲೀಗ್, ಕಾಂಗ್ರೆಸ್ ಒಂದೇ ಪಾಳಯದಲ್ಲಿದ್ದವು. ಮಂಜೇಶ್ವರವನ್ನು ಹಳೆಯ ಕಮ್ಯೂನಿಸ್ಟ್ ಕೋಟೆ ಎಂದು ಬಣ್ಣಿಸುವವರು ಈ ಅಂಶವನ್ನು ಬಿಟ್ಟುಬಿಡುತ್ತಾರೆ. 1980ರ ವೇಳೆಗೆ ಸಿಪಿಐ ಎಡರಂಗಕ್ಕೆ ಬಂತು, ಲೀಗ್ ಎದುರು ಪಾಳಯಕ್ಕೆ ಹೋಯಿತು, ಆಮೇಲೆ ಡಾ. ಎ. ಸುಬ್ಬರಾವ್ ಅವರು 1980ರಲ್ಲಿಯೂ 1982ರಲ್ಲಿಯೂ ಗೆದ್ದದ್ದು ಬಹಳ ಕಿರಿದಾದ ಅಂತರದಿಂದ. ಕ್ಷೇತ್ರದ ಮಟ್ಟಿಗೆ ಸುಬ್ಬರಾವ್ ಅವರ ಹೆಸರಿಗೆ ಇನ್ನೊಂದು ಮಹತ್ವವಿದೆ: 1980–81ರ ಇ. ಕೆ. ನಾಯನಾರ್ ಸಂಪುಟದಲ್ಲಿ ಅವರು ನೀರಾವರಿ ಸಚಿವರಾಗಿದ್ದರು. ಬಿಡಿಸಿ ಎಂದು ಕೇಳುತ್ತಿದ್ದ ಕ್ಷೇತ್ರದ ಪ್ರತಿನಿಧಿ ಅದೇ ರಾಜ್ಯದ ಮಂತ್ರಿಮಂಡಲದಲ್ಲಿ ಕುಳಿತರು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದಮೇಲಂತೂ ಜನರ ದಿನನಿತ್ಯದ ಬೇಡಿಕೆಗಳು ರಾಜ್ಯ ಬದಲಾವಣೆಯಿಂದ ಆಡಳಿತದ ಸೌಕರ್ಯಗಳ ಕಡೆಗೆ ಸರಿದವು.

1987ರಲ್ಲಿ ಕ್ಷೇತ್ರ ಇನ್ನೊಂದು ಮಗ್ಗುಲಿಗೆ ಹೊರಳಿತು. ರಾಜ್ಯದಲ್ಲಿ ಎಡರಂಗ ಗೆದ್ದ ಆ ವರ್ಷ ಮಂಜೇಶ್ವರದಲ್ಲಿ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಗೆದ್ದರು, ಬಿಜೆಪಿಯ ಎಚ್. ಶಂಕರ ಆಳ್ವ ಎರಡನೆಯವರಾದರು, ಎಡರಂಗ ಮೂರನೆಯ ಸ್ಥಾನಕ್ಕೆ ಇಳಿಯಿತು. ಅಲ್ಲಿಂದ 2021ರವರೆಗೆ ಉಪಚುನಾವಣೆಯೂ ಸೇರಿ ಒಂಬತ್ತು ಸಲ ಮತದಾನ ನಡೆದಿದೆ, ಒಂಬತ್ತು ಸಲವೂ ಎರಡನೆಯ ಸ್ಥಾನ ಬಿಜೆಪಿಯದೇ. ಒಂದೇ ಪಕ್ಷ ಇಷ್ಟು ದೀರ್ಘಕಾಲ ಗೆಲುವಿನ ಹೊಸ್ತಿಲಲ್ಲಿಯೇ ನಿಂತ ಕ್ಷೇತ್ರ ಕೇರಳದಲ್ಲಿ ಅಪರೂಪ. 1991ರಲ್ಲಿ ಬಿಜೆಪಿಯ ಹಿರಿಯ ನಾಯಕ ಕೆ. ಜಿ. ಮಾರಾರ್ ಇಲ್ಲಿ 1,072 ಮತಗಳಿಂದ ಸೋತರು. 1996ರಲ್ಲಿ ವಿ. ಬಾಲಕೃಷ್ಣ ಶೆಟ್ಟಿಯವರು ಸೋತದ್ದು 2,292 ಮತಗಳಿಂದ. 2001ರಲ್ಲಿ ಸಿ. ಕೆ. ಪದ್ಮನಾಭನ್ ಎದುರು ಅಬ್ದುಲ್ಲ ಅವರ ಅಂತರ 13,188ಕ್ಕೆ ಏರಿತು, ಅವರು ಎ. ಕೆ. ಆಂಟನಿ ಸಂಪುಟದಲ್ಲಿ ಸ್ಥಳೀಯಾಡಳಿತ ಸಚಿವರೂ ಆದರು. ನಾಲ್ಕು ಸಲ ಸತತವಾಗಿ ಗೆದ್ದ ದಾಖಲೆ ಇಂದಿಗೂ ಅವರದೇ.

2006ರಲ್ಲಿ ಎಲ್ಲರೂ ಲೀಗ್ ಮತ್ತು ಬಿಜೆಪಿಯ ಕಡೆಗೆ ನೋಡುತ್ತಿದ್ದಾಗ ಸಿಪಿಎಂನ ಸಿ. ಎಚ್. ಕುಂಞಂಬು ಅವರು ಬಿಜೆಪಿಯ ಎಂ. ನಾರಾಯಣ ಭಟ್ಟರನ್ನು 4,829 ಮತಗಳಿಂದ ಸೋಲಿಸಿದರು, ಚೆರ್ಕಳಂ ಮೂರನೆಯ ಸ್ಥಾನಕ್ಕೆ ಇಳಿದರು. ರಾಜ್ಯದಲ್ಲಿ ಎಡರಂಗ 98 ಸ್ಥಾನ ಗೆದ್ದ ವರ್ಷ ಅದು. ಆದರೂ ರಾಜ್ಯದ ಗಾಳಿಯೊಂದೇ ಕಾರಣವೆನ್ನಲು ಸಾಧ್ಯವಿಲ್ಲ, ಏಕೆಂದರೆ ಎಡರಂಗ ಅಧಿಕಾರ ಹಿಡಿದ 1987, 1996, 2016, 2021ರಲ್ಲಿ ಮಂಜೇಶ್ವರ ಅದರ ಕೈಗೆ ಸಿಕ್ಕಿಲ್ಲ. ಇಪ್ಪತ್ತು ವರ್ಷ ಒಬ್ಬರನ್ನೇ ಕಂಡ ಬೇಸರ ಲೀಗಿನ ಒಳಗೂ ಹೊರಗೂ ಇತ್ತು. ಇಲ್ಲಿ ಎಡರಂಗಕ್ಕೆ ಗೆಲ್ಲುವ ಶಕ್ತಿ ಇಲ್ಲ ಎಂದು ಲೀಗಿಗೆ ಮತ ಕೊಡುತ್ತಿದ್ದವರಲ್ಲಿ ಒಂದು ಪಾಲು ಆ ಸಲ ತಮ್ಮ ಮನೆಗೆ ಮರಳಿತು ಎಂಬುದು ನನ್ನ ಓದು.

2011ರಿಂದ ಈಚಿನ ಅಂಕಿಗಳನ್ನು ಬಿಡಿಸಿಯೇ ಹೇಳುತ್ತೇನೆ. 2011ರಲ್ಲಿ ಲೀಗಿನ ಪಿ. ಬಿ. ಅಬ್ದುಲ್ ರಝಾಕ್ ಅವರಿಗೆ 49,817, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 43,989, ಕುಂಞಂಬು ಅವರಿಗೆ 35,067 ಮತಗಳು ಬಂದವು. 2016ರಲ್ಲಿ ಅದೇ ಮೂವರು ಮತ್ತೆ ಎದುರುಬದುರಾದಾಗ ಮತಗಳು ಕ್ರಮವಾಗಿ 56,870, 56,781 ಮತ್ತು 42,565 ಆದವು. ಅಂತರ 89. ಆ ವರ್ಷ ನೇಮಂ ಕ್ಷೇತ್ರದಲ್ಲಿ ಒ. ರಾಜಗೋಪಾಲ್ ಗೆದ್ದು ಬಿಜೆಪಿಗೆ ಕೇರಳ ವಿಧಾನಸಭೆಯ ಮೊದಲ ಸ್ಥಾನ ತಂದಿದ್ದರು. ಇಲ್ಲಿ ಇನ್ನು 90 ಮತಗಳು ಬಿದ್ದಿದ್ದರೆ ಅವರು ಸದನದಲ್ಲಿ ಒಬ್ಬರೇ ಇರುತ್ತಿರಲಿಲ್ಲ. ಅದೇ ಸಲ ಸುರೇಂದ್ರನ್ ಅವರ ಹೆಸರಿಗೆ ಹತ್ತಿರವಾದ ಹೆಸರಿನ ಇನ್ನೊಬ್ಬ ಅಭ್ಯರ್ಥಿಗೆ 467 ಮತಗಳು ಬಿದ್ದಿದ್ದವು. ಸುರೇಂದ್ರನ್ ಅವರು, ಊರಲ್ಲಿಲ್ಲದವರ ಮತ್ತು ತೀರಿಹೋದವರ ಹೆಸರಿನಲ್ಲಿ ಮತ ಬಿದ್ದಿದೆ ಎಂದು ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹೂಡಿದರು. ತೀರಿಹೋದವರೆಂದು ಹೇಳಲಾಗಿದ್ದವರ ಮನೆಗೆ ನ್ಯಾಯಾಲಯದ ಸಮನ್ಸ್ ಹೋದಾಗ, ಜೀವಂತವಾಗಿಯೇ ಇದ್ದವರು ಅದನ್ನು ಪಡೆದುಕೊಂಡ ಸುದ್ದಿಯೂ ಬಂತು. 2018ರ ಅಕ್ಟೋಬರ್ 20ರಂದು ರಝಾಕ್ ಅವರು ನಿಧನರಾದರು. ಅರ್ಜಿ ಇತ್ಯರ್ಥವಾಗದೆ ಉಳಿದದ್ದರಿಂದ ಉಪಚುನಾವಣೆ ತಡವಾಯಿತು, 2019ರಲ್ಲಿ ಅರ್ಜಿ ಹಿಂತೆಗೆದುಕೊಂಡ ಮೇಲೆಯೇ ದಾರಿ ತೆರೆಯಿತು. ಸರಿಸುಮಾರು ಒಂದು ವರ್ಷ ಮಂಜೇಶ್ವರಕ್ಕೆ ಶಾಸಕರೇ ಇರಲಿಲ್ಲ ಎಂಬುದನ್ನು ಅಂಕಿಗಳ ಗದ್ದಲದಲ್ಲಿ ಮರೆಯಬಾರದು.

2019ರ ಅಕ್ಟೋಬರ್ 21ರ ಉಪಚುನಾವಣೆಯಲ್ಲಿ ಲೀಗಿನ ಎಂ. ಸಿ. ಕಮರುದ್ದೀನ್ 65,407, ಬಿಜೆಪಿಯ ರವೀಶ ತಂತ್ರಿ ಕುಂಟಾರು 57,484, ಸಿಪಿಎಂನ ಎಂ. ಶಂಕರ ರೈ 38,233 ಮತ ಪಡೆದರು. 2021ರಲ್ಲಿ ಲೀಗಿನ ಎ. ಕೆ. ಎಂ. ಅಶ್ರಫ್ 65,758, ಸುರೇಂದ್ರನ್ 65,013, ಸಿಪಿಎಂನ ವಿ. ವಿ. ರಮೇಶನ್ 40,639, ಅಂತರ 745. ಈ ಎರಡು ಸಾಲುಗಳನ್ನು ಮೇಲೆ ಕೆಳಗೆ ಇಟ್ಟು ಕೂಡಿಸಿ ಕಳೆದು ನೋಡಿ. ಒಂದೂವರೆ ವರ್ಷದಲ್ಲಿ ಬಿಜೆಪಿಗೆ 7,529 ಮತಗಳು ಹೆಚ್ಚಿವೆ, ಎಡರಂಗಕ್ಕೆ 2,406, ಲೀಗಿಗೆ 351 ಮಾತ್ರ.

ಅಂತರ ಕಿರಿದಾಗುವುದರ ಗುಟ್ಟು ಎರಡು ಪಕ್ಷಗಳ ಸಮಬಲದಲ್ಲಿ ಮಾತ್ರ ಇಲ್ಲ, ಮೂರನೆಯ ಪಕ್ಷದ ಗಾತ್ರದಲ್ಲಿದೆ. 2016ರಲ್ಲಿ ಮೂವರಿಗೂ ಬಿದ್ದ ಒಟ್ಟು ಮತ 1,56,216. ಗೆದ್ದವರಿಗೆ ಅದರಲ್ಲಿ ಬಂದದ್ದು ಶೇಕಡಾ 36ರಷ್ಟು. ಸೋತು ಮೂರನೆಯವರಾದವರ ಬಳಿ 42 ಸಾವಿರಕ್ಕೂ ಮೇಲ್ಪಟ್ಟು ಮತಗಳಿರುವಾಗ, ಅವರ ಬೆಂಬಲಿಗರಲ್ಲಿ ನೂರಕ್ಕೆ ಒಬ್ಬರು ಕೊನೆಯ ದಿನ ಮನಸ್ಸು ಬದಲಿಸಿದರೂ 400ಕ್ಕಿಂತ ಹೆಚ್ಚು ಮತಗಳು ಅತ್ತಿತ್ತ ಆಗುತ್ತವೆ. 89ರ ಅಂತರವನ್ನು ಅದು ಹಲವು ಸಲ ನುಂಗಬಲ್ಲದು. ಆದ್ದರಿಂದ ಮಂಜೇಶ್ವರದಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ಲೀಗಿನ ಮತ್ತು ಬಿಜೆಪಿಯ ಕಟ್ಟಾ ಮತದಾರರು ತೀರ್ಮಾನಿಸುವುದಿಲ್ಲ. ಪುತ್ತಿಗೆ, ಪೈವಳಿಕೆ, ವರ್ಕಾಡಿ ಮೊದಲಾದ ಒಳನಾಡಿನಲ್ಲಿರುವ ಎಡಪಕ್ಷಗಳ ಹಳೆಯ ಮತದಾರರು, ಎಂದರೆ ಆ ಗೇಣಿ ಒಕ್ಕಲುಗಳ ಮಕ್ಕಳು ಮೊಮ್ಮಕ್ಕಳು, ಎಷ್ಟರ ಮಟ್ಟಿಗೆ ತಮ್ಮ ಪಕ್ಷಕ್ಕೆ ಅಂಟಿಕೊಳ್ಳುತ್ತಾರೆ, ಎಷ್ಟರ ಮಟ್ಟಿಗೆ ಎರಡರಲ್ಲಿ ಒಬ್ಬರನ್ನು ತಡೆಯಲು ಇನ್ನೊಬ್ಬರಿಗೆ ಮತ ಕೊಡುತ್ತಾರೆ ಎಂಬುದು ಫಲಿತಾಂಶವನ್ನು ತೀರ್ಮಾನಿಸುತ್ತದೆ. ಕರಾವಳಿಯ ಮಂಜೇಶ್ವರ, ಮಂಗಲ್ಪಾಡಿ, ಕುಂಬಳೆ ಪಂಚಾಯತುಗಳು ಲೀಗಿಗೆ ಬಲ ಕೊಡುತ್ತವೆ. ಮೀಂಜ, ಎಣ್ಮಕಜೆಯ ಕಡೆಗೆ ಏರಿದಂತೆ ಚಿತ್ರ ಬದಲಾಗುತ್ತದೆ. ಎಣಿಕೆಯ ದಿನ ಮುನ್ನಡೆ ಸುತ್ತುಸುತ್ತಿಗೂ ಕೈಬದಲಾಯಿಸುವುದು ಈ ಭೂಗೋಳದಿಂದ.

ಹಾಗಾದರೆ ಕನ್ನಡ ಈ ಚುನಾವಣೆಗಳಿಂದ ಹೊರಟೇಹೋಯಿತೇ? ಹೋಗಲಿಲ್ಲ, ಬೇಡಿಕೆಯ ಸ್ಥಾನದಿಂದ ಇಳಿದು ಅರ್ಹತೆಯ ಸ್ಥಾನಕ್ಕೆ ಬಂತು. ಇಂದು ಕನ್ನಡದ ಹೆಸರಿನಲ್ಲಿ ಮಾತ್ರ ನಿಂತು ಇಲ್ಲಿ ಯಾರೂ ಗೆಲ್ಲಲಾರರು, ಆದರೆ ಕನ್ನಡವೂ ತುಳುವೂ ಬಾರದವರಿಗೆ ಇಲ್ಲಿ ಗೆಲುವು ಕಷ್ಟ. ದಕ್ಷಿಣದಿಂದ ಬಂದ ಅಭ್ಯರ್ಥಿಗಳನ್ನು ಎಲ್ಲ ಪಕ್ಷಗಳವರೂ ನಿಲ್ಲಿಸಿದ್ದಾರೆ, ಪ್ರತಿ ಸಲವೂ ಎದುರಾಳಿಗಳು ಮೊದಲು ಎತ್ತುವ ಮಾತು ‘ಇವರು ಊರಿನವರಲ್ಲ’ ಎಂಬುದೇ. ಅಬ್ದುಲ್ ರಝಾಕ್ ಅವರು 2016ರಲ್ಲಿ, ಅಶ್ರಫ್ ಅವರು 2021ರಲ್ಲಿ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಉಮೇಶ ರಾವ್ ಅವರ ಕಾಲದ ಕನ್ನಡದ ಮತ ಒಂದೇ ಪಕ್ಷಕ್ಕೆ ಹೋಯಿತು ಎನ್ನುವವರು ಈ ಪ್ರಮಾಣವಚನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು 2017ರಲ್ಲಿ ಬಂದಾಗಲೂ, ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ತಿಳಿಯದ ಅಧ್ಯಾಪಕರ ನೇಮಕವಾದಾಗಲೆಲ್ಲ, ಬೀದಿಗಿಳಿದವರಲ್ಲಿ ಮೂರೂ ಪಕ್ಷಗಳ ಮತದಾರರಿದ್ದರು.

ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಈ ಕ್ಷೇತ್ರದ ಒಳನಾಡಿನ ಒಂದು ಶಾಲೆಯಲ್ಲಿ ಮತಗಟ್ಟೆ ಅಧಿಕಾರಿಯಾಗಿ ಕುಳಿತದ್ದುಂಟು. ಮೊದಲನೆಯ ಅಧಿಕಾರಿ ಮತದಾರರ ಹೆಸರನ್ನು ಪಟ್ಟಿಯಿಂದ ಗಟ್ಟಿಯಾಗಿ ಓದಬೇಕು, ಏಜೆಂಟರು ತಮ್ಮ ಪ್ರತಿಯಲ್ಲಿ ಗೆರೆ ಎಳೆಯಬೇಕು. ನನ್ನ ಜೊತೆಗಿದ್ದ ಮೊದಲನೆಯ ಅಧಿಕಾರಿ ತೆಂಕಣದವರು, ಕನ್ನಡ ಅಕ್ಷರ ಓದಲು ಬಾರದವರು. ಅವರು ಮಲಯಾಳದಲ್ಲಿದ್ದ ಹೆಸರನ್ನು ಓದುವರು, ಎದುರಿಗೆ ನಿಂತ ಮುದುಕಿಗೆ ಅದು ತನ್ನ ಹೆಸರೆಂದೇ ತಿಳಿಯದು. ಕೊನೆಗೆ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತಿದ್ದ ಮೂರು ಪಕ್ಷಗಳ ಮೂವರು ಏಜೆಂಟರೂ ಒಟ್ಟಿಗೆ ತುಳುವಿನಲ್ಲಿ ಆಕೆಯ ಹೆಸರನ್ನೂ ಮನೆಯ ಹೆಸರನ್ನೂ ಹೇಳಿದರು, ಆಕೆ ತಲೆಯಾಡಿಸಿ ಬೆರಳು ಚಾಚಿದಳು. ಯಂತ್ರದ ಮೇಲೆ ಅಭ್ಯರ್ಥಿಗಳ ಹೆಸರು ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಇತ್ತು. ಆ ಎರಡನೆಯ ಸಾಲು ಅಲ್ಲಿ ಇರುವುದಕ್ಕೆ 1957ರಿಂದ 1967ರವರೆಗಿನ ಆ ‘ಸ್ವತಂತ್ರ’ರ ಪಟ್ಟೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಕೋಷ್ಟಕಗಳಲ್ಲಿ 1957ರ ಮಂಜೇಶ್ವರದ ಸಾಲಿನಲ್ಲಿ ಮತಗಳ ಸಂಖ್ಯೆಯ ಜಾಗ ಖಾಲಿಯಾಗಿರುತ್ತದೆ; ಅದು ಅಚ್ಚಿನ ತಪ್ಪಲ್ಲ. ಮುದ್ರಿತ ದಾಖಲೆಗಳಲ್ಲಿ ಸಿಗದ ವಿವರಗಳು ನಿಮ್ಮ ಅಜ್ಜನ ಬಳಿ ಇರಬಹುದು. ರಜೆಗೆ ಊರಿಗೆ ಹೋದಾಗ ಅವರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ: 1967ರಲ್ಲಿ ಪೈವಳಿಕೆಗೆ ಪ್ರಚಾರಕ್ಕೆ ಯಾರು ಯಾರು ಬಂದಿದ್ದರು, ಭಾಷಣ ಕನ್ನಡದಲ್ಲಿತ್ತೋ ತುಳುವಿನಲ್ಲಿತ್ತೋ, ಭಂಡಾರಿಯವರ ಚಿಹ್ನೆ ಯಾವುದಾಗಿತ್ತು, ಮತ್ತು ನಿಮ್ಮ ಮನೆಯ ಗದ್ದೆ ಮೂಲಗೇಣಿಯದೋ ಚಾಲಗೇಣಿಯದೋ. ಕೊನೆಯ ಪ್ರಶ್ನೆಯ ಉತ್ತರದಿಂದ, 1970ರಲ್ಲಿ ನಿಮ್ಮ ಮನೆಯ ಮತ ಯಾರಿಗೆ ಹೋಗಿರಬಹುದೆಂದು ನೀವೇ ಊಹಿಸಬಲ್ಲಿರಿ.